ಬಯಲು ಸೆರೆಮನೆಯಲ್ಲಿರುವ ತಮ್ಮನಿಗೆ ಏನು ಬರೆಯಲಿ?

ಪ್ರಶ್ನೆ: ಹಣದ ವ್ಯವಹಾರಕ್ಕೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ನನ್ನ ತಮ್ಮನಿಗೆ ಶಿಕ್ಷೆಯಾಗಿದೆ. ಎರಡು ವರ್ಷ ಎತ್ತರದ ಗೋಡೆಗಳ ಜೈಲಿನಲ್ಲಿದ್ದವನನ್ನು ಕಳೆದ ತಿಂಗಳು ಕಡಿಮೆ ಭದ್ರತೆಯ ಬಯಲು ಸೆರೆಮನೆಗೆ ವರ್ಗಾಯಿಸಿದ್ದಾರೆ. ಅಲ್ಲಿ ಗೋಡೆಯಿಲ್ಲ, ಹಗಲೆಲ್ಲ ಹೊರಗೆ ಕೆಲಸ ಮಾಡುತ್ತಾರೆ ಎಂದು ತಿಳಿದು ಮನೆಯವರೆಲ್ಲ ‘ಅರ್ಧ ಬಿಡುಗಡೆಯಾದಂತೆಯೇ ಆಯಿತು’ ಎಂದು ಸಮಾಧಾನಪಟ್ಟುಕೊಂಡಿದ್ದಾರೆ. ಈ ಎರಡು ವರ್ಷದಲ್ಲಿ ನಾನು ಒಮ್ಮೆಯೂ ಅವನನ್ನು ನೋಡಲು ಹೋಗಲಿಲ್ಲ. ಕೋಪವಿತ್ತು, ನಾಚಿಕೆಯೂ ಇತ್ತು. ಈಗ ಹೋಗಬೇಕು ಅನ್ನಿಸುತ್ತಿದೆ. ಮೊದಲು ಹೋಗುವುದೋ, ಬರೆಯುವುದೋ? ಏನು ಮಾತನಾಡುವುದು, ಏನು ಒಯ್ಯುವುದು?
— ಹೆಸರು ಬೇಡವೆಂದಿರುವ ಓದುಗರು

ಉತ್ತರ: ಮೊದಲು ಬರೆಯಿರಿ. ಅನೇಕ ಕಡೆ ಯಾರು ನೋಡಲು ಬರಬಹುದೆಂಬುದು ಕೈದಿಯ ಒಪ್ಪಿಗೆಯಿಂದಲೇ ಶುರುವಾಗುತ್ತದೆ. ಅಮೆರಿಕದ ಫೆಡರಲ್ ಸೆರೆಮನೆಗಳಲ್ಲಿ ಕೈದಿ ಕೊಟ್ಟ ಹೆಸರುಗಳನ್ನು ಪರಿಶೀಲಿಸಿದ ಮೇಲಷ್ಟೇ ಅಧಿಕಾರಿಗಳು ಅವರನ್ನು ಪಟ್ಟಿಗೆ ಸೇರಿಸುತ್ತಾರೆ. ಇಂಗ್ಲೆಂಡಿನಲ್ಲಿ ಶಿಕ್ಷೆಯಾದವರನ್ನು ನೋಡಲು ಸಾಮಾನ್ಯವಾಗಿ ಕೈದಿಯ ಕಡೆಯಿಂದಲೇ ಭೇಟಿಯ ಅನುಮತಿಪತ್ರ ಬರಬೇಕು. ಆದರೆ ನಿಮ್ಮ ವಿಷಯದಲ್ಲಿ ನಿಯಮಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಎರಡು ವರ್ಷ ಬಾರದಿದ್ದ ಅಕ್ಕ ಒಂದು ದಿನ ಇದ್ದಕ್ಕಿದ್ದಂತೆ ಎದುರು ಬಂದು ಕುಳಿತರೆ, ಅಷ್ಟು ಜನರ ನಡುವೆ, ಗಡಿಯಾರ ನೋಡಿಕೊಂಡು, ಆ ಮುಖವನ್ನು ಎದುರಿಸುವ ಹೊರೆ ಪೂರ್ತಿಯಾಗಿ ಅವರ ಮೇಲೆ ಬೀಳುತ್ತದೆ. ಯಾವಾಗ ಏಳಬೇಕು, ಯಾವಾಗ ಮಲಗಬೇಕು ಎಂಬುದನ್ನೂ ಬೇರೆಯವರೇ ನಿರ್ಧರಿಸುವ ಜಾಗದಲ್ಲಿರುವ ಮನುಷ್ಯನಿಗೆ ‘ನಾನು ಬರಲೇ?’ ಎಂದು ಕೇಳುವುದೇ ಒಂದು ಮರ್ಯಾದೆ. ಬೇಡವೆಂದು ಉತ್ತರ ಬಂದರೆ ಅದನ್ನೇ ಕೊನೆಯ ಮಾತೆಂದು ಎಣಿಸದೆ, ಒತ್ತಾಯವನ್ನೂ ಮಾಡದೆ, ಬರೆಯುತ್ತಲೇ ಇರಿ.

‘ಅರ್ಧ ಬಿಡುಗಡೆ’ ಎಂಬ ಮಾತನ್ನು ಮಾತ್ರ ದಯವಿಟ್ಟು ಪತ್ರದಲ್ಲಿ ಬರೆಯಬೇಡಿ. ನೆಲ್ಸನ್ ಮಂಡೇಲಾ ನಿಯಮಗಳೆಂದು ಹೆಸರಾದ, ಕೈದಿಗಳನ್ನು ನಡೆಸಿಕೊಳ್ಳುವ ಬಗೆಯನ್ನು ಕುರಿತು ವಿಶ್ವಸಂಸ್ಥೆ 2015ರ ಡಿಸೆಂಬರಿನಲ್ಲಿ ಅಂಗೀಕರಿಸಿದ 122 ನಿಯಮಗಳಲ್ಲಿ 89ನೆಯದು ಬಯಲು ಸೆರೆಮನೆಗಳ ಮಾತೆತ್ತುತ್ತದೆ. ಓಡಿಹೋಗದಂತೆ ತಡೆಯುವ ಗೋಡೆ, ಸರಳುಗಳನ್ನು ಇಟ್ಟುಕೊಳ್ಳದೆ ಕೈದಿಯ ಸ್ವಯಂಶಿಸ್ತನ್ನು ನೆಚ್ಚಿಕೊಂಡಿರುವುದರಿಂದಲೇ ಇಂಥ ಸಂಸ್ಥೆಗಳು, ಎಚ್ಚರಿಕೆಯಿಂದ ಆರಿಸಿದ ಕೈದಿಗಳ ಸುಧಾರಣೆಗೆ ಅತ್ಯಂತ ಅನುಕೂಲವಾದ ವಾತಾವರಣ ಒದಗಿಸುತ್ತವೆ ಎಂಬುದು ಅದರ ಆಶಯ. ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಗೋಡೆ ಇದ್ದಲ್ಲಿ ತಡೆಯುವ ಕೆಲಸವನ್ನು ಗೋಡೆ ಮಾಡುತ್ತದೆ, ಇಲ್ಲದ ಕಡೆ ಆ ಕೆಲಸವನ್ನು ನಿಮ್ಮ ತಮ್ಮ ದಿನವೂ, ಪ್ರತಿ ಗಂಟೆಯೂ ತಾವೇ ಮಾಡಿಕೊಳ್ಳಬೇಕು. ರಸ್ತೆ ಕಾಣುತ್ತಿರುತ್ತದೆ, ಆದರೆ ನಡೆಯುವಂತಿಲ್ಲ. ಹೊರಗಿನವರಿಗೆ ಹಗುರವಾಗಿ ಕಾಣುವ ಈ ಸ್ಥಿತಿ ಒಳಗಿರುವವರಿಗೆ ಅಷ್ಟು ಹಗುರವಲ್ಲ, ಮತ್ತು ಹಗುರವೆಂದು ಮನೆಯವರೇ ಹೇಳಿಬಿಟ್ಟರೆ ಕಷ್ಟವನ್ನು ಹೇಳಿಕೊಳ್ಳುವ ದಾರಿಯೂ ಮುಚ್ಚಿಹೋಗುತ್ತದೆ.

ಇದೇ ಕಾರಣಕ್ಕೆ, ಏನು ಒಯ್ಯಬೇಕೆಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಕಟುವಾಗಿದೆ: ಆ ಸೆರೆಮನೆ ಬರಹದಲ್ಲಿ ಒಪ್ಪದ ಯಾವ ವಸ್ತುವನ್ನೂ ಒಯ್ಯಬೇಡಿ. ತಪಾಸಣೆ ಸಡಿಲವಾಗಿ ಕಂಡಿತೆಂದು, ಪಾಪ ಎನ್ನಿಸಿತೆಂದು ಕೈಗೆ ತುರುಕಿದ ನೋಟು, ‘ಒಂದು ನಿಮಿಷ ಅಮ್ಮನ ಜೊತೆ ಮಾತಾಡು’ ಎಂದು ಕೊಟ್ಟ ಮೊಬೈಲು, ಯಾರೋ ಇನ್ನೊಬ್ಬ ಕೈದಿಗೆಂದು ಕೊಟ್ಟು ಕಳಿಸಿದ ಪೊಟ್ಟಣ, ಇವುಗಳಲ್ಲಿ ಯಾವುದೇ ಒಂದು ಸಾಕು ಅವರನ್ನು ಮತ್ತೆ ಎತ್ತರದ ಗೋಡೆಗಳ ಹಿಂದಕ್ಕೆ ಕಳಿಸಲು. ಅವರು ಎರಡು ವರ್ಷದ ನಡತೆಯಿಂದ ಗಳಿಸಿದ ನಂಬಿಕೆಯನ್ನು ನಮ್ಮ ಪ್ರೀತಿ ಒಂದು ಮಧ್ಯಾಹ್ನದಲ್ಲಿ ಕಳೆದುಹಾಕಬಾರದು.

ಈಗ ಪತ್ರದ ವಿಷಯ. ಅಮೆರಿಕದ ಫೆಡರಲ್ ಸೆರೆಮನೆಗಳ ಕಾನೂನು ಕೈದಿಗೆ ಖಾತ್ರಿಪಡಿಸುವ ಕನಿಷ್ಠ ಭೇಟಿಯ ಸಮಯ ತಿಂಗಳಿಗೆ 4 ಗಂಟೆ. ಇಂಗ್ಲೆಂಡಿನಲ್ಲಿ ಶಿಕ್ಷೆಯಾದವರಿಗೆ ಸಾಮಾನ್ಯವಾಗಿ ನಾಲ್ಕು ವಾರಕ್ಕೆ ಒಂದೊಂದು ಗಂಟೆಯ ಎರಡು ಭೇಟಿಗಳಾದರೂ ಸಿಗುತ್ತವೆ. ಬಯಲು ಸೆರೆಮನೆಗಳಲ್ಲಿ ಇದಕ್ಕಿಂತ ಉದಾರವಾದ ವ್ಯವಸ್ಥೆ ಇರಬಹುದು. ಆದರೂ ತಿಂಗಳಿನ 720 ಗಂಟೆಗಳಲ್ಲಿ ಉಳಿದವೆಲ್ಲ ನೀವಿಲ್ಲದ ಗಂಟೆಗಳೇ. ಭೇಟಿ ಮುಗಿದರೆ ಮುಗಿಯಿತು, ಪತ್ರ ದಿಂಬಿನ ಕೆಳಗೆ ಉಳಿಯುತ್ತದೆ. ರಾತ್ರಿ ನಿದ್ದೆ ಬಾರದಿದ್ದಾಗ ಅದೇ ಸಾಲುಗಳನ್ನು ಐದನೆಯ ಸಲ ಓದಬಹುದು. ಆದ್ದರಿಂದ ಆರು ತಿಂಗಳಿಗೊಮ್ಮೆ ಬರೆಯುವ ಹತ್ತು ಪುಟಕ್ಕಿಂತ ವಾರಕ್ಕೊಮ್ಮೆ ಬರೆಯುವ ಒಂದು ಪುಟವೇ ಮೇಲೆಂದು ನಾನು ನಂಬಿದ್ದೇನೆ. ಇಂಥ ದಿನ ಬರೆಯುತ್ತೇನೆಂದು ತಿಳಿಸಿ, ಅದನ್ನು ತಪ್ಪಿಸಬೇಡಿ. ಪತ್ರದ ತಲೆಯಲ್ಲಿ ಒಂದು, ಎರಡು ಎಂದು ಸಂಖ್ಯೆ ಹಾಕಿದರೆ ನಡುವೆ ಯಾವುದಾದರೂ ತಲುಪದೆ ಹೋದದ್ದು ಇಬ್ಬರಿಗೂ ಗೊತ್ತಾಗುತ್ತದೆ. ಇಲ್ಲವಾದರೆ ಕಳೆದುಹೋದ ಪತ್ರ ಮುನಿಸಿನಂತೆ ಕಾಣತೊಡಗುತ್ತದೆ.

ಮೊದಲ ಪತ್ರದಲ್ಲಿ ಎರಡು ವರ್ಷದ ಮೌನವನ್ನು ಮುಚ್ಚಿಡಬೇಡಿ, ಅದರ ಲೆಕ್ಕವನ್ನೂ ಒಪ್ಪಿಸಬೇಡಿ. ‘ಕೋಪದಲ್ಲಿದ್ದೆ, ಬರಲಿಲ್ಲ, ಈಗ ನಿನ್ನನ್ನು ನೋಡಬೇಕೆನ್ನಿಸುತ್ತಿದೆ’ ಎಂಬಷ್ಟು ಸಾಕು. ಅವರ ಅಪರಾಧದ ವಿಚಾರ ಮಾತನಾಡುವುದಿದ್ದರೆ ಅದಕ್ಕೆ ಮುಂದೆ ಕಾಲ ಬರುತ್ತದೆ. ಆಮೇಲೆ ಮನೆಯ ಸಂಗತಿಗಳನ್ನು ಬರೆಯಿರಿ. ‘ಎಲ್ಲರೂ ಚೆನ್ನಾಗಿದ್ದೇವೆ’ ಎಂಬ ಸಾಲಿನಿಂದ ಏನೂ ಕಣ್ಣಿಗೆ ಕಟ್ಟುವುದಿಲ್ಲ. ಹಿಂದಿನ ಕೋಣೆಯ ಕಿಟಕಿ ಮಳೆಗೆ ಉಬ್ಬಿ ಮುಚ್ಚದೆ ಹೋದದ್ದು, ಅದಕ್ಕೆ ನಿಮ್ಮ ಮಗಳು ಪುಸ್ತಕ ಸಿಕ್ಕಿಸಿ ನಿಲ್ಲಿಸಿದ್ದು, ಇಂಥವು ಅವರನ್ನು ಒಂದು ಕ್ಷಣ ಮನೆಯೊಳಗೆ ಕರೆದೊಯ್ಯುತ್ತವೆ. ನಮ್ಮ ಸಂತೋಷ ಓದಿ ಅವರಿಗೆ ನೋವಾದೀತೆಂದು ಅನೇಕರು ಮದುವೆ, ಹುಟ್ಟುಹಬ್ಬಗಳನ್ನು ಬಿಟ್ಟು ಬರೆಯುತ್ತಾರೆ. ನೋವಾಗುತ್ತದೆ, ನಿಜ. ಆದರೆ ಮನೆಯ ಬದುಕಿನಲ್ಲಿ ತನಗೆ ಪಾಲಿಲ್ಲವೆಂದು ತಡವಾಗಿ ತಿಳಿಯುವ ನೋವು ಅದಕ್ಕಿಂತ ಆಳವಾದದ್ದು. ಕೆಟ್ಟ ಸುದ್ದಿಗೂ ಇದೇ ಮಾತು ಸಲ್ಲುತ್ತದೆ. ಹತ್ತಿರದವರ ಗಂಭೀರ ಕಾಯಿಲೆ ಅಥವಾ ಸಾವನ್ನು ಕೈದಿಗೆ ತಿಳಿಸಲೇಬೇಕೆಂದು ಮಂಡೇಲಾ ನಿಯಮಗಳಲ್ಲಿ 70ನೆಯದು ಹೇಳುತ್ತದೆ. ಅಂಥ ಸುದ್ದಿಯನ್ನು ಬರೇ ಪತ್ರದಲ್ಲಿ ಕಳಿಸದೆ, ಆದಷ್ಟು ಬೇಗ ಸೆರೆಮನೆಯ ಕಚೇರಿಗೆ ಫೋನ್ ಮಾಡಿ, ಯಾರಾದರೂ ಪಕ್ಕದಲ್ಲಿದ್ದು ತಿಳಿಸುವಂತೆ ಕೇಳಿಕೊಳ್ಳಿ.

ಪತ್ರವನ್ನು ಸಿಬ್ಬಂದಿ ತೆರೆದು ನೋಡುತ್ತಾರೆಂದು ತಿಳಿದೇ ಬರೆಯಿರಿ. ಮೇಲ್ಮನವಿ, ಸಾಕ್ಷಿ, ಇತರ ಕೈದಿಗಳು, ಸಿಬ್ಬಂದಿಯ ಹೆಸರು ಇವಕ್ಕೆ ಅಲ್ಲಿ ಜಾಗವಿಲ್ಲ. ಕಾನೂನಿನ ಮಾತು ವಕೀಲರ ಮೂಲಕವೇ ಹೋಗಲಿ. ಲಕೋಟೆಯ ಮೇಲೆ ಪೂರ್ಣ ಹೆಸರು, ಕೈದಿ ಸಂಖ್ಯೆ, ನಿಮ್ಮ ವಿಳಾಸ ಇರಬೇಕು. ಮಾದಕ ದ್ರವ್ಯದಲ್ಲಿ ನೆನೆಸಿದ ಕಾಗದ ಒಳಗೆ ಬರುತ್ತಿದೆಯೆಂದು ಈಚಿನ ವರ್ಷಗಳಲ್ಲಿ ಎಷ್ಟೋ ಸೆರೆಮನೆಗಳು ಮೂಲ ಪತ್ರವನ್ನು ತಡೆದು ನಕಲನ್ನಷ್ಟೇ ಕೊಡುತ್ತಿವೆ. ಹಾಗಾಗಿ ಅಂಟು ಚಿತ್ರ, ಮಿನುಗು ಪುಡಿ, ಸುಗಂಧ, ಪದರ ಪದರದ ಶುಭಾಶಯ ಪತ್ರ ಬೇಡ. ಬಿಳಿ ಹಾಳೆಯ ಮೇಲೆ ಕಪ್ಪು ಅಥವಾ ನೀಲಿ ಶಾಯಿಯಲ್ಲಿ ಬಿಡಿಸಿ ಬರೆದದ್ದು ನಕಲಿನಲ್ಲಿಯೂ ಚೆನ್ನಾಗಿ ಕಾಣುತ್ತದೆ.

ಭೇಟಿಯ ದಿನ ಹೊರಡುವ ಮುನ್ನ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಭೇಟಿ ರದ್ದಾಗುವುದುಂಟು, ಕೈದಿಯ ವರ್ಗಾವಣೆಯಾಗುವುದುಂಟು. ಭಾವಚಿತ್ರವಿರುವ ಮೂಲ ಗುರುತಿನ ಚೀಟಿ ಇರಲಿ. ಕೈದಿಗಳ ಸಮವಸ್ತ್ರವನ್ನು ಹೋಲುವ ಬಣ್ಣದ ಬಟ್ಟೆ ಬೇಡ. ತಪಾಸಣೆ ಮನಸ್ಸಿಗೆ ಹಿಂಸೆಯೆನಿಸಬಹುದು. ಅದು ಅವಮಾನಕರವಾಗಿರಕೂಡದೆಂದು ಮಂಡೇಲಾ ನಿಯಮಗಳಲ್ಲಿ 60ನೆಯದು ಹೇಳುತ್ತದೆ, ಹಾಗೆ ನಡೆದರೆ ದೂರು ಕೊಡುವ ಹಕ್ಕು ನಿಮಗಿದೆ. ಆದರೆ ಸಾಮಾನ್ಯ ತಪಾಸಣೆಯ ಕಿರಿಕಿರಿಯನ್ನು ಹೊತ್ತುಕೊಂಡು ಒಳಗೆ ಹೋಗಬೇಡಿ. ತನ್ನಿಂದ ಅಕ್ಕ ಇಷ್ಟೆಲ್ಲ ಅನುಭವಿಸುತ್ತಿದ್ದಾಳೆಂದು ಅವರು ಮೊದಲೇ ಕುಗ್ಗಿರುತ್ತಾರೆ.

ಮೊದಲ ಹತ್ತು ನಿಮಿಷ ಮಾತು ಹೊರಳದಿದ್ದರೆ ಗಾಬರಿಯಾಗಬೇಡಿ. ‘ಒಳಗೆ ಹೇಗಿದೆ?’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ನಿಂತುಹೋಗುತ್ತದೆ. ಬದಲಿಗೆ ಪತ್ರದಲ್ಲಿ ಬಂದ ಯಾವುದಾದರೂ ಎಳೆಯನ್ನು ಹಿಡಿದುಕೊಳ್ಳಿ: ಯಾವ ಕೆಲಸ ಹಾಕಿದ್ದಾರೆ, ಪಕ್ಕದಲ್ಲಿ ಯಾರು ಮಲಗುತ್ತಾರೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾರೆ. ಮನೆಯ ವಿಚಾರದಲ್ಲಿ ಒಂದು ನಿಜವಾದ ಸಲಹೆ ಕೇಳಿ, ಅದನ್ನು ಪಾಲಿಸಿ, ಮುಂದಿನ ಪತ್ರದಲ್ಲಿ ಏನಾಯಿತೆಂದು ತಿಳಿಸಿ. ಯಾರಿಗೂ ಬೇಡವಾದವನು ಎಂಬ ಭಾವನೆಯನ್ನು ಇದರಷ್ಟು ಕರಗಿಸುವುದು ನಾನು ಕಂಡಂತೆ ಬೇರೊಂದಿಲ್ಲ. ಹೊರಡುವಾಗ ಅವರ ಮುಖ ಕಲ್ಲಾದರೆ ಅದನ್ನು ಪ್ರೀತಿಯಿಲ್ಲದಿರುವಿಕೆ ಎಂದು ತಿಳಿಯಬೇಡಿ, ಅನೇಕ ಕಡೆ ಅವರು ಭೇಟಿಯ ಕೋಣೆಯಿಂದ ನೇರವಾಗಿ ಮತ್ತೊಂದು ತಪಾಸಣೆಗೆ ನಡೆಯಬೇಕಾಗುತ್ತದೆ. ಅದೇ ರಾತ್ರಿ ಒಂದು ಚಿಕ್ಕ ಪತ್ರ ಬರೆದು ಮಾರನೆಯ ದಿನ ಅಂಚೆಗೆ ಹಾಕಿ.

ತಡವಾಯಿತೇನೋ ಎಂಬ ಅಳುಕು ನಿಮ್ಮ ಪತ್ರದಲ್ಲಿದೆ. ಅಮೆರಿಕದ ಮಿನೆಸೋಟ ರಾಜ್ಯದ ಕಾರಾಗೃಹ ಇಲಾಖೆ, 2003ರಿಂದ 2007ರ ನಡುವೆ ಬಿಡುಗಡೆಯಾದ 16,420 ಮಂದಿಯನ್ನು ಕುರಿತು ನಡೆಸಿದ ಅಧ್ಯಯನವನ್ನು 2011ರಲ್ಲಿ ಪ್ರಕಟಿಸಿತು. ಯಾರಾದರೂ ನೋಡಲು ಬರುತ್ತಿದ್ದ ಕೈದಿಗಳು ಮತ್ತೆ ಗಂಭೀರ ಅಪರಾಧಕ್ಕಾಗಿ ಶಿಕ್ಷೆಗೊಳಗಾಗುವ ಸಂಭವ ಶೇಕಡಾ 13ರಷ್ಟು ಕಡಿಮೆಯಿತ್ತು. ಬಿಡುಗಡೆ ಹತ್ತಿರವಾದಾಗಿನ ಭೇಟಿಗಳಿಗೆ ಹೆಚ್ಚಿನ ಪರಿಣಾಮವಿತ್ತು, ಮತ್ತು ಅತ್ಯಂತ ಒಳಿತು ಮಾಡಿದ ಭೇಟಿಗಾರರ ಸಾಲಿನಲ್ಲಿ ಒಡಹುಟ್ಟಿದವರಿದ್ದರು.

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಅಪ್ಪ ದೂರದಲ್ಲೊಂದು ತೋಟದಲ್ಲಿ ಕೆಲಸದಲ್ಲಿದ್ದಾರೆಂದು ಹೇಳಿದ್ದೇವೆ. ಅವರಿರುವ ಬಯಲು ಸೆರೆಮನೆ ನೋಡಲು ತೋಟದಂತೆಯೇ ಇರುವುದರಿಂದ, ಮಗುವನ್ನು ಕರೆದೊಯ್ದರೂ ಗೊತ್ತಾಗುವುದಿಲ್ಲವೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ಏನು ಮಾಡಲಿ?
— ಒಬ್ಬ ತಾಯಿ

ಉತ್ತರ: ಕರೆದೊಯ್ಯಿರಿ, ಆದರೆ ನಿಜ ಹೇಳಿಯೇ ಕರೆದೊಯ್ಯಿರಿ. ನಿಮ್ಮ ಅತ್ತೆಯವರು ಮೊಮ್ಮಗನ ಮೇಲಿನ ಮಮತೆಯಿಂದಲೇ ಹಾಗೆ ಹೇಳುತ್ತಿದ್ದಾರೆ, ಅದರಲ್ಲಿ ಸಂದೇಹವಿಲ್ಲ. ಆದರೆ ಬಾಗಿಲಲ್ಲಿ ಚೀಲ ತಪಾಸಣೆ ಮಾಡುವ ಸಮವಸ್ತ್ರದವರನ್ನು, ಸಮಯವಾಯಿತೆಂದು ಯಾರೋ ಕೂಗಿದೊಡನೆ ಎದ್ದು ನಿಲ್ಲುವ ಅಪ್ಪನನ್ನು ಮಗು ನೋಡಿಯೇ ನೋಡುತ್ತದೆ. ಕಂಡದ್ದಕ್ಕೆ ಹೆಸರು ಸಿಗದಿದ್ದರೆ ಮಕ್ಕಳು ತಾವೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ. ಬೇಲಿಯಿಲ್ಲ, ಬೀಗವಿಲ್ಲ, ಆದರೂ ಅಪ್ಪ ಮನೆಗೆ ಬರುವುದಿಲ್ಲ ಎಂದರೆ, ನನ್ನ ಮೇಲೆ ಇಷ್ಟವಿಲ್ಲದೆ ಬರುತ್ತಿಲ್ಲ ಎಂಬುದೇ ಏಳು ವರ್ಷದ ಬುದ್ಧಿಗೆ ಹೊಳೆಯುವ ಕಾರಣ. ಆ ಸುಳ್ಳಿಗಿಂತ ಸೆರೆಮನೆಯೆಂಬ ನಿಜವನ್ನು ಮಗು ಸುಲಭವಾಗಿ ತಡೆದುಕೊಳ್ಳುತ್ತದೆ.

ಮಾತು ಚಿಕ್ಕದಾಗಿರಲಿ: ‘ಅಪ್ಪ ಒಂದು ದೊಡ್ಡ ತಪ್ಪು ಮಾಡಿದರು. ಅದಕ್ಕೆ ಇಷ್ಟು ದಿನ ಅಲ್ಲಿರಬೇಕೆಂದು ನ್ಯಾಯಾಧೀಶರು ಹೇಳಿದ್ದಾರೆ. ಅದು ನಿನ್ನಿಂದ ಆದದ್ದಲ್ಲ. ಮೊದಲು ಬೇರೆ ಹೇಳಿದ್ದು ನಮ್ಮ ತಪ್ಪು.’ ಇದನ್ನು ಹೊರಡುವ ದಿನವಲ್ಲದೆ ಒಂದೆರಡು ವಾರ ಮೊದಲೇ ಹೇಳಿ, ಪ್ರಶ್ನೆಗಳಿಗೆ ಕಾಲ ಕೊಡಿ. ಸಾಧ್ಯವಾದರೆ ಅಪ್ಪನೂ ಅದೇ ಮಾತನ್ನು ದೊಡ್ಡ ಅಕ್ಷರಗಳಲ್ಲಿ ಮಗನಿಗೇ ಪ್ರತ್ಯೇಕವಾಗಿ ಬರೆದು ಕಳಿಸಲಿ. ತನ್ನ ಹೆಸರಿಗೆ ಬಂದ ಲಕೋಟೆಯನ್ನು ತಾನೇ ಒಡೆಯುವುದು ಮಗುವಿಗೆ ಬಹಳ ದೊಡ್ಡ ಸಂಗತಿ.

ಮಕ್ಕಳು ಭೇಟಿಗೆ ಬರುವ ವಾತಾವರಣ ಅವರಿಗೆ ಹಿತವಾಗಿರಬೇಕೆಂದು, ತಾಯಿ ಮತ್ತು ಮಗು ತಡೆಯಿಲ್ಲದೆ ಹತ್ತಿರವಿರುವಂತಿರಬೇಕೆಂದು ಮಹಿಳಾ ಕೈದಿಗಳನ್ನು ಕುರಿತ ವಿಶ್ವಸಂಸ್ಥೆಯ 2010ರ ಬ್ಯಾಂಕಾಕ್ ನಿಯಮಗಳು ಹೇಳುತ್ತವೆ. ತಂದೆಯರ ವಿಷಯದಲ್ಲಿಯೂ ಇದನ್ನು ಕೇಳುವುದರಲ್ಲಿ ತಪ್ಪಿಲ್ಲ. ಮಕ್ಕಳಿಗಾಗಿ ಬೇರೆ ಸಮಯವೋ ಜಾಗವೋ ಇದೆಯೇ ಎಂದು ಮೊದಲೇ ವಿಚಾರಿಸಿ. ಮೊದಲ ಭೇಟಿ ಚಿಕ್ಕದಾಗಿರಲಿ. ಮಗು ಮಾತನಾಡದೆ ನಿಮ್ಮ ಹಿಂದೆ ಅಡಗಿದರೆ ಬಿಟ್ಟುಬಿಡಿ, ಅಪ್ಪನಿಗೂ ಆ ಸಾಧ್ಯತೆಯನ್ನು ಮುಂಚೆಯೇ ತಿಳಿಸಿರಿ.

ಪ್ರಶ್ನೆ: ಹಳೆಯ ಸಹೋದ್ಯೋಗಿಯೊಬ್ಬರು ಕಡಿಮೆ ಭದ್ರತೆಯ ಸೆರೆಮನೆಯಲ್ಲಿದ್ದಾರೆ. ಎರಡು ಪತ್ರ ಬರೆದೆ, ಉತ್ತರವಿಲ್ಲ. ನಾನು ಬಂಧುವೂ ಅಲ್ಲ. ನಿಲ್ಲಿಸಲೇ?
— ನಿವೃತ್ತ ಉದ್ಯೋಗಿ

ಉತ್ತರ: ಇನ್ನೂ ನಿಲ್ಲಿಸಬೇಡಿ. ಕುಟುಂಬದವರ ಜೊತೆಗೆ ಸ್ನೇಹಿತರೊಂದಿಗೂ ಪತ್ರ ಮತ್ತು ಭೇಟಿಯ ಸಂಪರ್ಕವಿರಲು ಕೈದಿಗಳಿಗೆ ಅವಕಾಶವಿರಬೇಕೆಂದು ಮಂಡೇಲಾ ನಿಯಮಗಳಲ್ಲಿ 58ನೆಯದು ಸ್ಪಷ್ಟವಾಗಿ ಹೇಳುತ್ತದೆ, ಆದ್ದರಿಂದ ಬಂಧುವಲ್ಲವೆಂಬ ಸಂಕೋಚ ಬೇಡ. ಉತ್ತರ ಬಾರದಿರಲು ಕಾರಣಗಳು ಬಹಳ: ಪತ್ರ ತಲುಪಿರದೆ ಇರಬಹುದು, ಅಂಚೆಚೀಟಿಗೆ ದುಡ್ಡಿಲ್ಲದೆ ಇರಬಹುದು, ಜೊತೆಯಲ್ಲಿ ಕೆಲಸ ಮಾಡಿದವರ ಮುಂದೆ ನಾಚಿಕೆಯಿಂದ ಪೆನ್ನು ಏಳದೆ ಇರಬಹುದು. ಮುಂದಿನ ಪತ್ರದಲ್ಲಿ ಪ್ರಶ್ನೆಗಳನ್ನು ಕಡಿಮೆ ಮಾಡಿ. ‘ಉತ್ತರ ಬರೆಯಲೇಬೇಕೆಂದಿಲ್ಲ, ತಿಂಗಳ ಮೊದಲ ವಾರ ನಾನು ಬರೆಯುತ್ತಿರುತ್ತೇನೆ, ಬೇಡವೆನ್ನಿಸಿದರೆ ಒಂದು ಸಾಲು ತಿಳಿಸಿ’ ಎಂದು ಬರೆದು, ಹೇಳಿದಂತೆ ಬರೆಯಿರಿ. ಏನು ಅಪರಾಧ ಮಾಡಿದರೆಂದು ಕೇಳಬೇಡಿ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಬಿಡುಗಡೆಯಾದ ಮೇಲೆ ಕೆಲಸ ಕೊಡಿಸುತ್ತೇನೆ, ಮನೆ ಹುಡುಕಿಕೊಡುತ್ತೇನೆ ಎಂಬಂಥ ಮಾತನ್ನು, ಅದನ್ನು ಖಂಡಿತ ಮಾಡಬಲ್ಲಿರಾದರೆ ಮಾತ್ರ ಬರೆಯಿರಿ, ಏಕೆಂದರೆ ಒಳಗಿರುವವರು ಅಂಥ ಒಂದು ವಾಕ್ಯದ ಮೇಲೆ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಿರುತ್ತಾರೆ. ಉತ್ತರಕ್ಕೆಂದು ಅಂಚೆಚೀಟಿ ಅಂಟಿಸಿದ ಲಕೋಟೆ ಇಡಲು ಕೆಲವು ಸೆರೆಮನೆಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಕಚೇರಿಗೆ ಫೋನ್ ಮಾಡಿ ಇದನ್ನೂ, ಅವರು ಈಗಲೂ ಅದೇ ಸೆರೆಮನೆಯಲ್ಲಿದ್ದಾರೆಯೇ ಎಂಬುದನ್ನೂ ಕೇಳಿ ತಿಳಿದುಕೊಂಡು ಮೂರನೆಯ ಪತ್ರ ಹಾಕಿ.