ಕಡತ ನೋಡಿದರು, ಷೆಡ್ ನೋಡಲಿಲ್ಲ

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಘಟಕ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: ಜಾಗಕ್ಕೆ ಕೆಐಎಡಿಬಿ, ಸಾಲಕ್ಕೆ ಕೆಎಸ್‌ಎಫ್‌ಸಿ, ವಿದ್ಯುತ್ತಿಗೆ ಹೆಸ್ಕಾಂ, ಹೊಗೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ಎಂದು ಅಲೆದು ಸಾಕಾಗಿದೆ, ಎಲ್ಲವನ್ನೂ ಒಂದೇ ಜಾಲತಾಣಕ್ಕೆ ತಂದರೆ ಈ ಪಾಡು ತಪ್ಪುವುದಿಲ್ಲವೇ?

ಒಂದಿಷ್ಟು ತಪ್ಪುತ್ತದೆ ಸ್ವಾಮಿ. ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ಉದ್ಯಮ್ 2020ರಿಂದ ಬಿಡಿಗಾಸಿನ ಖರ್ಚಿಲ್ಲದೆ ಕುಳಿತಲ್ಲೇ ಆಗುತ್ತಿದೆ, ಒಪ್ಪಿದೆ. ಆದರೆ ಈ ಆಸೆ ಹೊಸದೇನಲ್ಲ. 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳನ್ನು ತೆರೆದದ್ದೇ ಸಣ್ಣ ಉದ್ಯಮಿಗೆ ಬೇಕಾದದ್ದೆಲ್ಲ ಒಂದೇ ಸೂರಿನಡಿ ಸಿಗಲಿ ಎಂದು. ಬಳಿಕ 2002ರ ಕೈಗಾರಿಕಾ ಸೌಲಭ್ಯ ಕಾಯ್ದೆ ಏಕಗವಾಕ್ಷಿಯನ್ನು, ಅಂದರೆ ಎಲ್ಲ ಅನುಮತಿಗೂ ಒಂದೇ ಕಿಟಕಿ ಎಂಬ ಏರ್ಪಾಡನ್ನು ತಂದಿತು. ಒಬ್ಬರ ಕಡತವನ್ನು ಇನ್ನೊಬ್ಬರು ಓದುವ ಅಭ್ಯಾಸ ಮಾತ್ರ ಬರಲಿಲ್ಲ.

ನನ್ನ ಪರಿಚಯದ ಲೇತ್ ಮಾಲೀಕರೊಬ್ಬರ ಬುಷ್‌ಗಳು, ಅಂದರೆ ಕೊಳವೆಯಂಥ ಬಿಡಿಭಾಗಗಳು, ಒಳವ್ಯಾಸ ಕಿರಿದಾಯಿತೆಂದು ಲಾಟ್‌ಗಟ್ಟಲೆ ವಾಪಸಾಗುತ್ತಿದ್ದವು. ಹೊಸ ಯಂತ್ರಕ್ಕೆ ಸಾಲ ಕೇಳಿದರು. ಸಾಲದವರು ಕಡತ ನೋಡಿದರು, ಸಬ್ಸಿಡಿಯವರೂ ಕಡತ ನೋಡಿದರು, ಎಲ್ಲ ಮಂಜೂರಾಯಿತು. ಕೊನೆಗೆ ಚಹಾಕ್ಕೆಂದು ಬಂದ ನಿವೃತ್ತ ಟೂಲ್‌ರೂಮ್ ಬೋಧಕರು ಷೆಡ್ಡಿನಲ್ಲಿ ಕಾಲು ಗಂಟೆ ನಿಂತು ನೋಡಿ, 'ಬಿಸಿ ಆರುವ ಮೊದಲೇ ಅಳತೆಯ ಗೇಜ್ ಇಡುತ್ತಿದ್ದೀರಲ್ಲಾ' ಎಂದರು. ಬಿಸಿಯಲ್ಲಿ ಸರಿ ಕಂಡ ರಂಧ್ರ ತಣಿದ ಮೇಲೆ ಕುಗ್ಗುತ್ತಿತ್ತು. ಸಾಲದ ಕಂತು ಮಾತ್ರ ಇನ್ನೂ ನಡೆಯುತ್ತಿದೆ.

ಹೀಗೆ ಬಂದು ನೋಡಬೇಕಾದವರು ಯಾರು? ತಾಲ್ಲೂಕಿಗೆ ಕೈಗಾರಿಕಾ ವಿಸ್ತರಣಾಧಿಕಾರಿ ಎಂಬ ಹುದ್ದೆಯೇ ಇದೆ. ಅವರನ್ನು ಅಂಕಿಅಂಶ ತುಂಬುವುದರಿಂದ ಬಿಡಿಸಿ ಷೆಡ್ಡಿಗೆ ಕಳುಹಿಸಲಿ. ಯಾವ ಕಚೇರಿಗೆ ಹೋಗಬೇಕು, ಯಾವುದಕ್ಕೆ ಬೇಡ ಎಂದು ಅವರೇ ಹೇಳಲಿ. ಜಪಾನಿನ ಪ್ರಾಂತ್ಯಗಳಲ್ಲಿ ಸರ್ಕಾರವೇ ನಡೆಸುವ ಕೊಸೆತ್ಸುಶಿ ಕೇಂದ್ರಗಳಿವೆ. ಸಣ್ಣ ಕಾರ್ಖಾನೆಯವರ ಬಿಡಿಭಾಗಗಳನ್ನು ಪರೀಕ್ಷಿಸಿ, ದೋಷ ಎಲ್ಲಿದೆಯೆಂದು ಅಲ್ಲಿನ ಎಂಜಿನಿಯರುಗಳು ತಿಳಿಸುತ್ತಾರೆ. ನಮ್ಮಲ್ಲೇನು ಕಡಿಮೆ? 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹುಟ್ಟಿದ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರ, ನಿಮ್ಮ ಬೆಳಗಾವಿಯಲ್ಲೂ ಇದೆ. ನಿಮ್ಮ ಎರಡು ಪುಟದ ಪತ್ರದಲ್ಲಿ ಅದರ ಹೆಸರೇ ಇಲ್ಲದ್ದು ಕಂಡು ನನಗೆ ತುಸು ಮುನಿಸು ಬಂತು.

ಇನ್ನು ಮಾಲು ಕೊಂಡವರು ಕೊಡದೆ ಉಳಿಸಿಕೊಂಡ ಬಾಕಿ ಹಣ. ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ, ನನಗೆ ಅದೇ ದೊಡ್ಡದು. ಪಾವತಿ 45 ದಿನ ಮೀರಬಾರದು, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎನ್ನುತ್ತದೆ ಸಣ್ಣ ಉದ್ಯಮಗಳ 2006ರ ಕಾಯ್ದೆ. ಆದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಕೊಡುವವರಾರು? ಹೂಡಿಕೆದಾರರ ಸಮಾವೇಶದ ಲಕ್ಷ ಕೋಟಿಗಳನ್ನು ಮುಖಪುಟದಲ್ಲಿ ಮೆರೆಸುವ ನಮ್ಮ ಪತ್ರಿಕೆಗಳಿಗೆ ಇದು ಸುದ್ದಿಯೇ ಅಲ್ಲ. ನಿಮ್ಮ ಬಾಕಿ ಬಿಲ್ಲುಗಳ ತಾರೀಖು, ಮೊತ್ತ ಬರೆದು ಕಳುಹಿಸಿ. ನಿಮ್ಮ ಹೆಸರು ಹಾಕದೆ ಅಚ್ಚು ಮಾಡುತ್ತೇನೆ.