ಅಂಗೈಗೆ ಒಗ್ಗುವ ಬೇಟ್‌ಕಾಸ್ಟಿಂಗ್ ರೀಲ್

ಪ್ರಶ್ನೆ: ನನ್ನ ಕೈ ಚಿಕ್ಕದು. ಮೀನಿನ ಗಾಳದ ದಾರ ಸುತ್ತಲು ಈಗಿರುವ ದುಂಡನೆಯ ಬೇಟ್‌ಕಾಸ್ಟಿಂಗ್ ರೀಲನ್ನು ಅರ್ಧ ಗಂಟೆ ಬಳಸುವಷ್ಟರಲ್ಲಿ ಹೆಬ್ಬೆರಳು ಸೋಲುತ್ತದೆ. ಪುಟ್ಟ ರೀಲನ್ನು ಆರಿಸುವಾಗ ಏನನ್ನು ಗಮನಿಸಬೇಕು?

ಉತ್ತರ: ತೂಕಕ್ಕಿಂತ ಮೊದಲು ರೀಲಿನ ಎತ್ತರವನ್ನೂ ಪಕ್ಕದ ಫಲಕದ ಆಕಾರವನ್ನೂ ನೋಡಿ. ಈ ಬಗೆಯ ರೀಲು ಗಾಳದ ಕೋಲಿನ ಮೇಲ್ಭಾಗದಲ್ಲಿ ಕೂರುತ್ತದೆ. ಗಾಳ ಎಸೆದಾಗ ತಿರುಗುವ ಸ್ಪೂಲನ್ನು, ಅಂದರೆ ದಾರ ಸುತ್ತಿರುವ ಉರುಳೆಯನ್ನು, ಹೆಬ್ಬೆರಳೇ ಹದವಾಗಿ ತಡೆಯಬೇಕು, ಇಲ್ಲವಾದರೆ ದಾರ ಅಲ್ಲಿಯೇ ಉಬ್ಬಿ ಗೋಜಲಾಗುತ್ತದೆ. ಬರಿಯ ರೀಲನ್ನು ಹಿಡಿದು ತೀರ್ಮಾನಿಸಬೇಡಿ, ಕೋಲಿಗೆ ಜೋಡಿಸಿಯೇ ಪರೀಕ್ಷಿಸಿ. ಅಂಗೈ ಪಕ್ಕದ ಫಲಕವನ್ನು ತಬ್ಬಿ, ಕೋಲಿನ ಕೆಳಗಿನ ಟ್ರಿಗರ್ ಎಂಬ ಕೊಕ್ಕೆಯಂಥ ಚಾಚು ಬೆರಳುಗಳ ನಡುವೆ ಕುಳಿತಾಗ, ಮಣಿಕಟ್ಟನ್ನು ತಿರುಚದೆ ಹೆಬ್ಬೆರಳಿನ ತುದಿ ಸ್ಪೂಲಿನ ಮಧ್ಯವನ್ನು ಮುಟ್ಟಬೇಕು; ಅದೇ ಬೆರಳು ಸ್ಪೂಲಿನ ಹಿಂದಿರುವ, ಎಸೆಯುವ ಮುನ್ನ ಸ್ಪೂಲನ್ನು ಸಡಿಲಿಸುವ ಬಿಡುಗಡೆ ಪಟ್ಟಿಯನ್ನೂ ಸಲೀಸಾಗಿ ಒತ್ತುವಂತಿರಬೇಕು. ನಿಮಗೆ ದುಂಡು ರೀಲಿಗಿಂತ ತಗ್ಗಾದ ಲೋ ಪ್ರೊಫೈಲ್ ರೀಲೇ ಸರಿ. 150ರಿಂದ 200 ಗ್ರಾಂ ತೂಗುವಂಥವು ಸಾಕಷ್ಟಿವೆ. ಆದರೆ ಸ್ಪೂಲು ಚಿಕ್ಕದಾದಷ್ಟೂ ಹಿಡಿಸುವ ದಾರ ಕಡಿಮೆ ಎಂಬುದನ್ನು ಮರೆಯಬೇಡಿ. ಹಿಡಿಕೆ ಎಡಕ್ಕೋ ಬಲಕ್ಕೋ ಎಂಬುದನ್ನು ಕೊಳ್ಳುವ ಮುನ್ನವೇ ನಿರ್ಧರಿಸಿ, ಏಕೆಂದರೆ ಕೋಲಿನ ಕೆಳಗೆ ಕೂರುವ ಸ್ಪಿನ್ನಿಂಗ್ ರೀಲಿನಲ್ಲಿ ಅದನ್ನು ಬದಲಿಸಬಹುದಾದರೂ ಇದರಲ್ಲಿ ಸಾಮಾನ್ಯವಾಗಿ ಆಮೇಲೆ ಬದಲಿಸಲು ಬರುವುದಿಲ್ಲ.