ಒಂದೇ ಪ್ಯಾಕೆಟ್ ಬೀಜದ ಕಾಡು ಥೈಮ್ ಗಿಡಗಳು ಬೇರೆ ಬೇರೆ ಥರ ಯಾಕಿವೆ?

ಕುಂಡದಲ್ಲಿ ಒಂದು ಗಿಡ ನೆಲಕ್ಕೆ ಹರಡಿದೆ, ಇನ್ನೊಂದು ಎದ್ದು ನಿಂತಿದೆ, ವಾಸನೆಯೂ ಬೇರೆ, ಬೀಜದಲ್ಲೇ ಮೋಸವಾ ಅಂತ ಕೇಳಿದ್ದೀರಿ. ಮೋಸ ಅಂತ ಈಗಲೇ ಹೇಳಬೇಡಿ. ಥೈಮ್ ಅನ್ನುವ ಈ ಘಮದ ಎಲೆಯ ಗಿಡದ ಸ್ವಭಾವವೇ ಹಾಗೆ.

ಯೂರೋಪಿನ ಹುಲ್ಲುಗಾವಲಲ್ಲಿ ಇದರ ಎರಡು ಮೂರು ಜಾತಿಗಳು ಅಕ್ಕಪಕ್ಕ ಬೆಳೆಯುತ್ತವೆ, ಜೇನುಹುಳ ಒಂದರ ಪರಾಗವನ್ನು ಇನ್ನೊಂದಕ್ಕೆ ದಾಟಿಸುತ್ತದೆ, ಹುಟ್ಟುವ ಮಿಶ್ರತಳಿ ಅತ್ತ ಅಪ್ಪನ ಹಾಗೂ ಅಲ್ಲ ಇತ್ತ ಅಮ್ಮನ ಹಾಗೂ ಅಲ್ಲ. ಅದರ ಮೇಲೆ ಕೆಲವು ಗಿಡಗಳಲ್ಲಿ ಹೆಣ್ಣು ಹೂ ಮಾತ್ರ ಬಿಡುತ್ತದೆ, ಗಾತ್ರದಲ್ಲೂ ಚಿಕ್ಕದು. ಅವಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಬೆರಕೆ ಆಗದೆ ಇರುತ್ತದಾ?

ಎಲೆ ನೋಡಿ ಜಾತಿ ಹೇಳೋದು ಕಷ್ಟ, ಬಿಸಿಲು ನೆರಳಿಗೆ ಅದೂ ಬದಲಾಗುತ್ತದೆ. ಹೂ ಬಿಡುವ ಟಿಸಿಲಿನ ಕಾಂಡವನ್ನು ಭೂತಗನ್ನಡಿಯಲ್ಲಿ ನೋಡಿ. ನಾಲ್ಕು ಮೂಲೆಯಲ್ಲಿ ಮಾತ್ರ ರೋಮ ಇದ್ದರೆ ಅದು ಥೈಮಸ್ ಪುಲೆಜಿಯಾಯ್ಡಿಸ್, ಸುತ್ತಲೂ ಇದ್ದರೆ ಥೈಮಸ್ ಸರ್ಪಿಲಮ್. ಬೆರಕೆ ಗಿಡದಲ್ಲಿ ಇದೂ ಅರ್ಧಂಬರ್ಧ, ತಲೆ ಕೆಡಿಸಿಕೊಳ್ಳಬೇಡಿ.

ವಾಸನೆ ಮಾತ್ರ ಇನ್ನೂ ಮಜಾ. ಎಲೆಯ ಎಣ್ಣೆಯಲ್ಲಿ ಥೈಮಾಲ್ ಅನ್ನುವ ಅಂಶ ಜಾಸ್ತಿ ಇದ್ದರೆ ನಮ್ಮ ಓಮಕಾಳಿನ ಘಾಟು, ಜೆರಾನಿಯಾಲ್ ಅನ್ನುವ ಅಂಶ ಇದ್ದರೆ ಗುಲಾಬಿಯ ಘಮ, ಒಂದೇ ಜಾತಿಯಲ್ಲೂ ಎರಡೂ ಸಿಗುತ್ತವೆ.

ಬೆರಕೆ ಅಂದರೆ ಕೀಳು ಅಲ್ಲ ಬಿಡಿ, ನಮ್ಮ ತೋಟಗಳ ಎಸ್ 795 ಅನ್ನುವ ಅರೇಬಿಕಾ ಕಾಫಿ ತಳಿಯಲ್ಲೂ ಲಿಬೆರಿಕಾ ಅನ್ನುವ ಬೇರೆ ಕಾಫಿ ಜಾತಿಯ ರಕ್ತ ಇದೆ ಅಲ್ವಾ. ಒಂದೇ ಥರದ ಗಿಡ ಬೇಕಿದ್ದರೆ ಇಷ್ಟವಾದದ್ದರ ಟಿಸಿಲು ಕತ್ತರಿಸಿ ಮರಳು ಮಣ್ಣಿಗೆ ನೆಡಿ. ಮಳೆಗಾಲ ಮುಗಿದ ಮೇಲೆ ನೆಡಿ, ಜುಲೈ ಮಳೆಗೆ ಸಿಕ್ಕಿದರೆ ಕೊಳೆಯುತ್ತದೆ.